ಕಿಲೋಮೀಟರ್ ಲೆಕ್ಕದ ಕಾರ್ ಇನ್ಶೂರೆನ್ಸ್: ಬೆಂಗಳೂರಿನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಮನೆ ವಿಜಯನಗರ, ಆಫೀಸು ಇಂದಿರಾನಗರ. ದಿನದ ಓಡಾಟ ಪೂರ್ತಿ ಮೆಟ್ರೋದಲ್ಲಿ. ಕಾರು ಹೊರಗೆ ಬರುವುದು ಭಾನುವಾರ, ಇಲ್ಲವೇ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ, ಇಲ್ಲವೇ ಊರಿಗೆ ಹೊರಟಾಗ. ದಿನಾ ರಿಂಗ್ ರೋಡಿನಲ್ಲಿ ಓಡುವ ಕಾರಿಗೂ ಹೀಗೆ ನಿಂತಿರುವ ಕಾರಿಗೂ ಒಂದೇ ಪ್ರೀಮಿಯಂ ಯಾಕೆ ಅನ್ನುವ ಪ್ರಶ್ನೆ ನನಗೆ ಮೊದಲಿನಿಂದಲೂ ಇತ್ತು. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ, ಓಡಿಸಿದಷ್ಟಕ್ಕೆ ತಕ್ಕ ಪ್ರೀಮಿಯಂ ಕಟ್ಟುವ 'ಪೇ ಆ್ಯಸ್ ಯು ಡ್ರೈವ್' ಆಡ್-ಆನ್‌ಗೆ (ಪಾಲಿಸಿಯ ಜೊತೆ ಸೇರಿಸಿಕೊಳ್ಳುವ ಸೌಲಭ್ಯ) ಒಪ್ಪಿಗೆ ಕೊಟ್ಟಿತು. ಅದಾದ ಮೇಲಿನ ರಿನ್ಯೂವಲ್‌ನಿಂದ ನಾನು ಅದನ್ನೇ ಹಾಕಿಸುತ್ತಿದ್ದೇನೆ. ಜೊತೆಗೆ ಜೀರೋ ಡೆಪ್ ಇದೆ, ಅಂದರೆ ಬಿಡಿಭಾಗ ಹಳೆಯದಾಯಿತು ಅಂತ ಕ್ಲೇಮಿನಲ್ಲಿ ದುಡ್ಡು ಕಳೆಯದ ಆಡ್-ಆನ್. ಕಂಪನಿಯ ಹೆಸರು ಬರೆಯುತ್ತಿಲ್ಲ. ಬಹಳಷ್ಟು ಕಂಪನಿಗಳು ಇದನ್ನು ಕೊಡುತ್ತವೆ, ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ.

ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಅಂತ ಮೊದಲೇ ಹೇಳಬೇಕು. ಓಡೋಮೀಟರ್ ಫೋಟೋ ತೆಗೆದು ಆ್ಯಪ್‌ಗೆ ಹಾಕಬೇಕು. ಅದಕ್ಕೆ ತಕ್ಕ ಹಾಗೆ ರಿಯಾಯಿತಿ ಸಿಗುತ್ತದೆ. ಒಂದು ವಿಷಯ ಏಜೆಂಟರು ಬಿಡಿಸಿ ಹೇಳುವುದಿಲ್ಲ: ಈ ರಿಯಾಯಿತಿ ನಮ್ಮ ಕಾರಿನ ಡ್ಯಾಮೇಜ್‌ಗೆ ಕಟ್ಟುವ ಭಾಗಕ್ಕೆ ಮಾತ್ರ. ಅದನ್ನು ಓಡಿ (ಓನ್ ಡ್ಯಾಮೇಜ್) ಪ್ರೀಮಿಯಂ ಅನ್ನುತ್ತಾರೆ. ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡಿದ್ದು. 2022ರ ಅಧಿಸೂಚನೆಯಲ್ಲಿ 1000ದಿಂದ 1500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಕಾರು ಓಡಲಿ, ನಿಂತಿರಲಿ, ಅದು ಬದಲಾಗುವುದಿಲ್ಲ. ಹಾಗಾಗಿ ಒಟ್ಟು ಬಿಲ್ಲು ಅರ್ಧ ಆಗಿಬಿಡುತ್ತದೆ ಅಂತ ಅಂದುಕೊಳ್ಳಬೇಡಿ.

ಮೆಟ್ರೋ ದರ ಏರಿದಾಗ ಕಾರೋ ಮೆಟ್ರೋನೋ ಅನ್ನುವ ಲೆಕ್ಕವನ್ನು ಮತ್ತೆ ಕೂತು ಹಾಕಬೇಕಾಯಿತು. 2025ರ ಫೆಬ್ರವರಿ 9ರಿಂದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಜನ ಗಲಾಟೆ ಮಾಡಿದ ಮೇಲೆ ಕೆಲವು ಕಡೆ ಸ್ವಲ್ಪ ಇಳಿಸಿದರು, ಆದರೆ 90 ಹಾಗೇ ಉಳಿಯಿತು. ಅದಕ್ಕೂ ಮೊದಲೇ ಜನವರಿಯಲ್ಲಿ ಬಿಎಂಟಿಸಿ ಶೇ 15ರಷ್ಟು ಏರಿಸಿತ್ತು. ಆಗಸ್ಟ್‌ನಲ್ಲಿ ಆಟೋ ಮಿನಿಮಮ್ 36 ರೂಪಾಯಿ ಆಯಿತು. ಆಫೀಸಿನಲ್ಲಿ ಇಬ್ಬರು ಮೂವರು ಮತ್ತೆ ಗಾಡಿಗೆ ಮರಳಿದರು. ನಾನು ಮರಳಲಿಲ್ಲ. ಒಬ್ಬರೇ ಹೋಗುವುದಾದರೆ ಪೆಟ್ರೋಲು, ಪಾರ್ಕಿಂಗು, ಟ್ರಾಫಿಕ್ಕಿನಲ್ಲಿ ಹೋಗುವ ಹೊತ್ತು, ಯಾವುದನ್ನು ಸೇರಿಸಿ ನೋಡಿದರೂ ಮೆಟ್ರೋನೇ ಅಗ್ಗ. ಸ್ಮಾರ್ಟ್ ಕಾರ್ಡಿಗೆ ಶೇ 5 ರಿಯಾಯಿತಿ ಇದೆ. ಬೆಳಿಗ್ಗೆ 8ರೊಳಗೆ ಹೊರಟರೆ ಇನ್ನೊಂದು ಶೇ 5. ಆದರೆ ನಾಲ್ಕು ಜನ ಒಟ್ಟಿಗೆ ಹೊರಟರೆ ಟಿಕೆಟ್ಟಿನ ದುಡ್ಡು ಕಾರಿನ ಪೆಟ್ರೋಲನ್ನು ಮೀರುತ್ತದೆ. ಭಾನುವಾರ ಕಾರ್ಡಿಗೆ ದಿನವಿಡೀ ಶೇ 10 ರಿಯಾಯಿತಿ ಇದ್ದರೂ ಅಷ್ಟೇ. ಮಧ್ಯಮ ವರ್ಗದ ಕುಟುಂಬಗಳನ್ನು ಮತ್ತೆ ಕಾರಿಗೆ ತಳ್ಳುತ್ತಿರುವುದು ಇದೇ. ಒಂದು ಫ್ಯಾಮಿಲಿ ಟಿಕೆಟ್ ಯಾಕೆ ಮಾಡಬಾರದು? ನಮ್ಮಕ್ಕ ಶಕ್ತಿ ಯೋಜನೆಯಲ್ಲಿ ಬಸ್ಸಿನಲ್ಲಿ ಫ್ರೀ ಓಡಾಡುತ್ತಾಳೆ. ಅವಳಿಗೆ ಮೆಟ್ರೋ ಬೇಡವೇ ಬೇಡ, ಹೊತ್ತಾದರೂ ಪರವಾಗಿಲ್ಲ ಅನ್ನುತ್ತಾಳೆ.

ಇನ್ನು ಡ್ಯಾಮೇಜ್ ವಿಷಯ. ಕಾರು ಕಡಿಮೆ ಓಡಿದರೆ ಗೀರು ಬೀಳುವುದಿಲ್ಲ ಅಂತ ಏನಿಲ್ಲ. ನಮ್ಮ ಕಾರಿಗೆ ಜಾಸ್ತಿ ಏಟು ಬಿದ್ದಿರುವುದು ಮನೆ ಮುಂದೆ ನಿಂತಾಗಲೇ. ಒಮ್ಮೆ ಮಾಗಡಿ ರೋಡ್ ಕಡೆ ಸಿಗ್ನಲ್‌ನಲ್ಲಿ ಆಟೋ ಒಂದು ಹಿಂದಿನ ಬಂಪರ್ ಸವರಿಕೊಂಡು ಹೋಯಿತು. ಸರ್ವಿಸ್ ಸೆಂಟರ್‌ನಲ್ಲಿ ಅಡ್ವೈಸರ್ ಅಂದರು, "ಸಾರ್, ಗೀರು ಬಿದ್ದಿರೋ ಎರಡು ಡೋರೂ ಸೇರಿಸಿ ಒಂದೇ ಕ್ಲೇಮ್ ಹಾಕಿಬಿಡೋಣ, ಪೂರ್ತಿ ಹೊಸದಾಗುತ್ತೆ." ನಾನು ಒಪ್ಪಲಿಲ್ಲ. ಹಾನಿ ಅಳೆಯಲು ಇನ್ಶೂರೆನ್ಸ್ ಕಡೆಯಿಂದ ಬಂದ ಸರ್ವೇಯರ್ ಬಂಪರಿನ ಮೇಲೆ ಹೆಬ್ಬೆರಳು ಎಳೆದು ನೋಡಿದರು. ಗೀರಿನೊಳಗೆ ಆಟೋದ ಹಸಿರು ಬಣ್ಣ ಕೂತಿತ್ತು. ಡೋರಿನ ಗೀರಿನಲ್ಲಿ ಬಣ್ಣ ಇರಲಿಲ್ಲ, ಅಂಚಿನಲ್ಲಿ ತುಕ್ಕು ಹಿಡಿದಿತ್ತು. "ಇದು ಹಳೇದು, ಬೇರೆ ಸಲ ಆಗಿರೋದು" ಅಂದರು. ಒಂದು ಅಪಘಾತಕ್ಕೆ ಒಂದು ಕ್ಲೇಮ್, ಪ್ರತಿ ಕ್ಲೇಮಿಗೂ ನಾವು ಕೈಯಿಂದ ಕೊಡಬೇಕಾದ ಕಡ್ಡಾಯ ಮೊತ್ತ 1,000 ರೂಪಾಯಿ. 1500 ಸಿಸಿ ಮೀರಿದ ಕಾರಿಗೆ ಅದು 2,000. ಸರ್ವೇಯರಿಗೆ ಇದು ದಿನದ ಕೆಲಸ, ಕಣ್ತಪ್ಪಿಸಲು ಆಗುವುದಿಲ್ಲ.

ಜೀರೋ ಡೆಪ್ ಬೆಲೆ ಗೊತ್ತಾಗುವುದು ಬಂಪರಿನಲ್ಲಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕು, ರಬ್ಬರಿಗೆ ಶೇ 50 ಸವಕಳಿ ಕಳೆಯುತ್ತಾರೆ. ಕಾರು ಹೊಸದಾದರೂ ಅಷ್ಟೇ. 8,000 ರೂಪಾಯಿಯ ಬಂಪರಿಗೆ 4,000 ನಮ್ಮ ಜೇಬಿನಿಂದ. ತಗಡಿನ ಭಾಗಕ್ಕೆ ವಯಸ್ಸಿನ ಲೆಕ್ಕ, ನಾಲ್ಕು ವರ್ಷ ದಾಟಿದರೆ ಶೇ 35. ಗಾಜಿಗೆ ಮಾತ್ರ ಕಳೆಯುವುದಿಲ್ಲ. ನಗರದ ಏಟುಗಳು ಬಹುಪಾಲು ಬಂಪರು, ಕನ್ನಡಿಯ ಪ್ಲಾಸ್ಟಿಕ್ ಕವಚ, ಲೈಟು. ಅಂದರೆ ಅರ್ಧಕ್ಕೆ ಅರ್ಧ ಕಳೆಯುವ ಭಾಗಗಳೇ. ಹಾಗಾಗಿ ಈ ಆಡ್-ಆನ್ ಬಿಡಬೇಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಹಲವು ಕಂಪನಿಗಳು ಕಾರಿಗೆ ಐದು ವರ್ಷ ಆಗುವವರೆಗೆ ಮಾತ್ರ ಕೊಡುತ್ತವೆ, ವರ್ಷಕ್ಕೆ ಎರಡು ಕ್ಲೇಮ್ ಅಂತ ಮಿತಿಯೂ ಇರುತ್ತದೆ.

ಹಾಗಂತ ಪ್ರತಿ ಗೀರಿಗೂ ಕ್ಲೇಮ್ ಹಾಕಬಾರದು. ಕ್ಲೇಮ್ ಹಾಕದ ವರ್ಷಕ್ಕೆ ಓಡಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಶೇ 20, 25, 35, 45, 50 ಅಂತ ವರ್ಷ ವರ್ಷ ಮೇಲೇರುತ್ತದೆ. ಒಂದು ಕ್ಲೇಮ್ ಹಾಕಿದರೆ ಸೊನ್ನೆ. ಈಗ ಶೇ 35ರಲ್ಲಿದ್ದೀರಿ ಅಂದುಕೊಳ್ಳಿ. ಕ್ಲೇಮ್ ಇಲ್ಲದಿದ್ದರೆ ಮುಂದೆ 45, 50, 50, 50, 50. ಹಾಕಿದರೆ 0, 20, 25, 35, 45. ಐದು ವರ್ಷದ ವ್ಯತ್ಯಾಸ ಕೂಡಿದರೆ ಶೇ 120. ಅಂದರೆ ಒಂದು ವರ್ಷದ ಓಡಿ ಪ್ರೀಮಿಯಂಗಿಂತಲೂ ಜಾಸ್ತಿ! ಓಡಿ ಪ್ರೀಮಿಯಂ 6,000 ರೂಪಾಯಿ ಇದ್ದರೆ ಸುಮಾರು 7,000 ರೂಪಾಯಿ ನಷ್ಟ, ಮೇಲೆ ಶೇ 18 ಜಿಎಸ್‌ಟಿ. ಕಾರಿನ ಬೆಲೆ ಇಳಿದ ಹಾಗೆ ಪ್ರೀಮಿಯಂ ಕೂಡ ಸ್ವಲ್ಪ ಇಳಿಯುವುದರಿಂದ ನಿಜವಾದ ನಷ್ಟ ತುಸು ಕಡಿಮೆ. ಅದಕ್ಕೇ ಡೋರಿನ ಆ ಹಳೇ ಗೀರನ್ನು ಪರಿಚಯದ ಗ್ಯಾರೇಜಿನಲ್ಲಿ ಟಿಂಕರಿಂಗ್-ಪೇಂಟಿಂಗ್ ಮಾಡಿಸಿ ಕೈಯಿಂದಲೇ ಕೊಟ್ಟೆ. ಬಂಪರಿನ ಬಿಲ್ಲು ದೊಡ್ಡದಿತ್ತು, ಕ್ಲೇಮ್ ಹಾಕಿದೆ. ಕ್ಯಾಶ್‌ಲೆಸ್‌ನಲ್ಲಿ, ಅಂದರೆ ಕಂಪನಿಯೇ ನೇರವಾಗಿ ಸರ್ವಿಸ್ ಸೆಂಟರಿಗೆ ಕಟ್ಟುವ ರೀತಿಯಲ್ಲಿ, ತೊಂದರೆಯಿಲ್ಲದೆ ಆಯಿತು.

ಆಟೋದವರ ಇನ್ಶೂರೆನ್ಸಿನಿಂದ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಎಲ್ಲರೂ ಕೇಳಿದರು. ಕಾನೂನಿನಲ್ಲಿ ದಾರಿ ಇದೆ. ಪೊಲೀಸ್ ದೂರು ಕೊಡಬೇಕು, ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಒಂದು ಬಂಪರಿಗೆ ಯಾರು ಓಡಾಡುತ್ತಾರೆ, ಅಲ್ವಾ? ಸಣ್ಣ ನಷ್ಟಕ್ಕೆ ಎರಡೂ ಕಂಪನಿಗಳು ತಮ್ಮತಮ್ಮಲ್ಲೇ ಮುಗಿಸಿಕೊಳ್ಳುವ ವ್ಯವಸ್ಥೆ ಬರಲೇಬೇಕು.

ನೀರು ಹೊಕ್ಕು ಎಂಜಿನ್ ಹಾಳಾದರೆ ನೆರವಾಗುವ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಕೂಡ ಹಾಕಿಸಿದ್ದೇನೆ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಕಾರುಗಳು ಮುಳುಗಿದ್ದನ್ನು ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಹೋಗಬೇಡಿ, ಕ್ಲೇಮ್ ಕೈತಪ್ಪಬಹುದು. ಟೋ ಮಾಡಿಸಿ.

ಬೇಸರದ ವಿಷಯ ಒಂದೇ. ಹೇಳಿದ ಕಿಲೋಮೀಟರ್ ಮುಗಿಯುತ್ತಾ ಬಂದಾಗ ಕಂಪನಿಯಿಂದ ಒಂದು ಮೆಸೇಜೂ ಬರುವುದಿಲ್ಲ. ಟಾಪ್-ಅಪ್ ಮಾಡಿಸುವುದು, ಅಂದರೆ ದುಡ್ಡು ಕಟ್ಟಿ ಇನ್ನಷ್ಟು ಕಿಲೋಮೀಟರ್ ಸೇರಿಸಿಕೊಳ್ಳುವುದು, ನಮ್ಮ ಜವಾಬ್ದಾರಿ. ಮೀರಿದ ಮೇಲೆ ಏಟಾದರೆ ಏನು ಮಾಡುತ್ತಾರೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಪಾಲಿಸಿ ಕೊಳ್ಳುವ ಮುಂಚೆ ಆ ಒಂದು ಪುಟವನ್ನು ಓದಿಯೇ ಓದಿ. ದಸರಾ ರಜೆಗೆ ಊರಿಗೆ ಹೊರಡುವ ಮೊದಲು ನಾನು ಓಡೋಮೀಟರ್ ನೋಡಿ ಟಾಪ್-ಅಪ್ ಮಾಡಿಸಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಮೈಸೂರಿಗೆ ಹೋಗಿಬರುವವರಿಗೆ ಈ ಪಾಲಿಸಿ ಬೇಡ, ಮಾಮೂಲಿ ಪಾಲಿಸಿಯೇ ಸರಿ.