ಹಬ್‌ಗೆ ಬಾಲ್ಸ್: ಪಕ್ಕದ ಅಂಗಡಿ, ಎಸ್‌ಜೆಪಿ ರಸ್ತೆ, ಆನ್‌ಲೈನ್ ಮೂರೂ ಕಡೆ ತಗೊಂಡು ನೋಡಿದ್ದು

ಸೈಕಲ್ ಹಬ್ ಅಂದರೆ ಚಕ್ರದ ನಡುವಿನ ಗುಂಬ, ಅದರ ಒಳಗೆ ಎಲ್ಲಕ್ಕಿಂತ ಅಗ್ಗದ್ದು ಬಾಲ್ಸ್, ಅಂದರೆ ಉಕ್ಕಿನ ಸಣ್ಣ ಗುಂಡುಗಳು. ಎಲ್ಲಕ್ಕಿಂತ ದುಬಾರಿಯಾಗಿ ಬೀಳುವುದು ಕಪ್, ಅಂದರೆ ಬಾಲ್ಸ್ ಕೂತು ಉರುಳುವ ಬಟ್ಟಲು. ಅಚ್ಚಿನ ಮೇಲೆ ತಿರುಗಿಸಿ, ಬಾಲ್ಸನ್ನು ಕಪ್‌ಗೆ ಒತ್ತಿ ಹಿಡಿಯುವ ಕೋನ್ ಸವೆದರೆ ಹೊಸದು ಹಾಕಬಹುದು. ಕಪ್ ಹಾಗಲ್ಲ, ಬಹುತೇಕ ಹಬ್‌ಗಳಲ್ಲಿ ಅದನ್ನು ಒತ್ತಿ ಕೂರಿಸಿರುತ್ತಾರೆ. ಅದರಲ್ಲಿ ಗುಳಿ ಬಿತ್ತು ಅಂದರೆ ಹಬ್ ಪೂರ್ತಿ ಹೋಯಿತು. ಕಡ್ಡಿಗಳನ್ನೆಲ್ಲ ಬಿಚ್ಚಿ ಚಕ್ರವನ್ನೇ ಮತ್ತೆ ಕಟ್ಟಿಸಬೇಕು. ಹಾಗಾಗಿ ಬಾಲ್ಸ್‌ನಲ್ಲಿ ನಾಲ್ಕು ಕಾಸು ಉಳಿಸುವ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಎಲ್ಲಿ ಒಳ್ಳೆಯದು ಸಿಗುತ್ತದೆ, ತಂದ ಮೇಲೆ ಹೇಗೆ ಇಟ್ಟರೆ ಕೆಡುವುದಿಲ್ಲ, ಇವೆರಡೇ ಪ್ರಶ್ನೆ.

ನಮ್ಮ ಮನೆಯಲ್ಲಿ ಎರಡು ಸೈಕಲ್ ಇವೆ. ಒಂದು ನಾನು ಬೆಂಗಳೂರಿನ ಹನುಮಂತನಗರದಿಂದ ಆಫೀಸಿಗೆ ಓಡಿಸುವ ಗೇರ್ ಸೈಕಲ್. ಇನ್ನೊಂದು ಅಪ್ಪನ ಹಳೇ ಕರಿ ಸೈಕಲ್. ಎರಡರಲ್ಲೂ ಇರುವುದು ಬಿಡಿ ಬಾಲ್ಸ್. ಮಳೆಗಾಲ ಮುಗಿದ ಮೇಲೆ ಎರಡನ್ನೂ ಬಿಚ್ಚಿ ಮನೆಯಲ್ಲೇ ಓವರಾಯ್ಲಿಂಗ್ ಮಾಡುತ್ತೇನೆ. ಹಳೇ ಬಾಲ್ಸ್ ಒರೆಸಿ ಬೆಳಕಿಗೆ ಹಿಡಿದಾಗ ಕನ್ನಡಿ ತರ ಹೊಳೆಯದೆ ಮಬ್ಬಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ, ಅಷ್ಟೂ ಆಚೆ. ಒಂದೆರಡು ಮಾತ್ರ ಬದಲಾಯಿಸುವ ಪದ್ಧತಿ ಬೇಡ. ಕಾರಣ ಮುಂದೆ ಬರುತ್ತದೆ.

ಮೊದಲು ಸೈಜ್. ಹಿಂದಿನ ಚಕ್ರಕ್ಕೆ ಸಾಮಾನ್ಯವಾಗಿ ಕಾಲಿಂಚು, ಅಂದರೆ 6.35 ಮಿ.ಮೀ., ಒಂದೊಂದು ಕಡೆಗೆ 9. ಮುಂದಿನದಕ್ಕೆ 3/16 ಇಂಚು, ಅಂದರೆ 4.76 ಮಿ.ಮೀ., ಒಂದೊಂದು ಕಡೆಗೆ 10. ಪೆಡಲ್‌ಗೆ ಬಹಳ ಸಲ 5/32. ಎಲ್ಲ ಹಬ್ ಹೀಗೇ ಇರುತ್ತದೆ ಅಂತೇನಿಲ್ಲ, ಬಿಚ್ಚುವಾಗಲೇ ಎಣಿಸಿ, ವರ್ನಿಯರ್ ಇಟ್ಟು ಅಳೆಯಿರಿ. ಎಣಿಕೆಯನ್ನೂ ಪೂರ್ತಿ ನಂಬಬೇಡಿ. ಹಿಂದೆ ಬಿಚ್ಚಿದವರು ಒಂದನ್ನು ಕಳೆದು ಎಂಟರಲ್ಲೇ ಮುಚ್ಚಿರಬಹುದು. ಎರಡೂ ಕಡೆ ಎಣಿಸಿದರೆ ಗೊತ್ತಾಗುತ್ತದೆ. ಸರಿಯಾಗಿ ತುಂಬಿದ ಮೇಲೂ ಸ್ವಲ್ಪ ಸಂದು ಉಳಿಯುತ್ತದೆ. ಅದು ಉಳಿಯಲೇಬೇಕು. ಜಾಗ ಇದೆಯಲ್ಲ ಅಂತ ಇನ್ನೊಂದನ್ನು ತುರುಕಿದರೆ ಬಾಲ್ಸ್ ಉರುಳುವ ಬದಲು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ.

ಈಗ ಅಂಗಡಿಗಳಿಗೆ ಬರೋಣ.

ಪಕ್ಕದ ರಸ್ತೆಯ ಸೈಕಲ್ ಅಂಗಡಿಯಲ್ಲಿ ಇರುವ ಸುಖ ಅಂದರೆ ಮಾತು ಕಡಿಮೆ. "ಅಣ್ಣ, ಹಿಂದಿನ ಚಕ್ರಕ್ಕೆ ಬಾಲ್ಸ್" ಅಂದರೆ ಮುಗಿಯಿತು. ಗ್ರೀಸ್ ಮೆತ್ತಿದ ಡಬ್ಬಿಗೆ ಎರಡು ಬೆರಳು ಹೋಗುತ್ತದೆ, ಒಂದು ಹಿಡಿ ಬಾಲ್ಸ್ ಪೇಪರ್ ಚೂರಿಗೆ ಬೀಳುತ್ತದೆ. ಒಂದೆರಡು ಜಾಸ್ತಿಯೇ ಕೊಡುತ್ತಾರೆ, ದುಡ್ಡೂ ಇಷ್ಟೇ ಅಂತ ಕೇಳುವುದಿಲ್ಲ. ಮನೆಗೆ ತಂದು ಒರೆಸಿ ಅಳೆದೆ. ಬಹುಪಾಲು 6.35 ಬಂತು. ಕೆಲವು 6.32. ಒಂದು ಸರಿಯಾಗಿ 6.00. ಅದು ಕಾಲಿಂಚೇ ಅಲ್ಲ, ಆರು ಮಿ.ಮೀ. ಸೈಜಿನದು, ಯಾವುದೋ ಬೇರೆ ಸಾಮಾನಿನ ಜೊತೆ ಡಬ್ಬಿ ಸೇರಿಕೊಂಡಿದೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ.

0.03 ಮಿ.ಮೀ. ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬಹುದು. ಬೇಕು. ಕೋನ್ ಬಿಗಿ ಮಾಡುವಾಗ ಮೊದಲು ಸಿಕ್ಕಿಕೊಳ್ಳುವುದು ದಪ್ಪ ಬಾಲ್. ನಮ್ಮ ಭಾರ ಅದರ ತಲೆ ಮೇಲೆ ಕೂರುತ್ತದೆ. ಪಕ್ಕದಲ್ಲಿರುವ ಸಣ್ಣವು ಸುಮ್ನೆ ಓಡಾಡಿಕೊಂಡಿರುತ್ತವೆ. ಆ ದಪ್ಪ ಬಾಲ್ ಹೋದಲ್ಲೆಲ್ಲ ಕೋನ್ ಮೇಲೆ ಗೆರೆ ಬಿಡುತ್ತದೆ, ಆಮೇಲೆ ಗುಳಿ. ಸವೆದ ಎಂಟರ ಮಧ್ಯೆ ಹೊಸದೊಂದು ಹಾಕಿದರೂ ಇದೇ ಕಥೆ. ಬದಲಾಯಿಸಿದರೆ ಎಲ್ಲವನ್ನೂ ಬದಲಾಯಿಸಿ ಅಂದದ್ದು ಇದಕ್ಕೇ.

ಡಬ್ಬಿಯ ಬಾಲ್ಸ್‌ನಲ್ಲಿ ಇನ್ನೊಂದು ತೊಂದರೆ ಯಾವ ಉಕ್ಕು ಅಂತ ಗೊತ್ತಾಗದಿರುವುದು. ಒಳ್ಳೆಯದು ಕ್ರೋಮ್ ಸ್ಟೀಲ್, ಬೇರಿಂಗ್ ಅಂಗಡಿಯವರು ಇಎನ್31 ಅಥವಾ 52100 ಅನ್ನುತ್ತಾರೆ. ಅದು ಒಳಗಿನ ತನಕ ಗಟ್ಟಿ. ಅಗ್ಗದ ಕಾರ್ಬನ್ ಸ್ಟೀಲ್ ಬಾಲ್‌ಗೆ ಮೇಲಿನ ಪದರ ಮಾತ್ರ ಗಟ್ಟಿ, ಒಳಗೆ ಮೆತ್ತಗೆ. ಅರ ಉಜ್ಜಿ ನೋಡಿದರೆ ಎರಡೂ ಜಾರುತ್ತವೆ, ಆದ್ದರಿಂದ ಅರದ ಪರೀಕ್ಷೆ ಸಾಲದು. ನಾನು ಒಂದನ್ನು ವೈಸ್‌ಗೆ ಕೊಟ್ಟು ಜೋರಾಗಿ ಬಿಗಿ ಮಾಡಿದೆ, ಮೇಲೆ ದಪ್ಪ ಬಟ್ಟೆ ಹೊದಿಸಿ, ಕಣ್ಣಿಗೆ ಕನ್ನಡಕ ಹಾಕಿ. ಡಬ್ಬಿಯ ಬಾಲ್ ಎರಡು ಕಡೆ ಚಪ್ಪಟೆಯಾಯಿತು. ಕ್ರೋಮ್ ಸ್ಟೀಲ್‌ನದು ಹಾಗೇ ಇತ್ತು, ವೈಸ್‌ನ ದವಡೆಯಲ್ಲೇ ಗುಂಡಿ ಬಿತ್ತು. ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ. ಗಟ್ಟಿ ಉಕ್ಕು ಒಡೆದರೆ ಚೂರು ಹಾರುತ್ತದೆ.

ಹಾಗಂತ ಆ ಅಂಗಡಿಯನ್ನು ತೆಗೆದುಹಾಕುವ ಹಾಗಿಲ್ಲ. ಭಾನುವಾರ ಸಂಜೆ ಚಕ್ರ ಬಿಚ್ಚಿಟ್ಟು, ಸೋಮವಾರ ಬೆಳಗ್ಗೆ ಆಫೀಸಿಗೆ ಹೋಗಬೇಕಿದ್ದರೆ ಕೈ ಹಿಡಿಯುವುದು ಅದೇ. ಅಪ್ಪನ ಸೈಕಲ್ಲಿಗೆ ಅಲ್ಲಿಂದ ತಂದದ್ದನ್ನೇ ಅಳೆದು ಆರಿಸಿ ಹಾಕಿದ್ದೇನೆ. ಅವರು ಹೋಗುವುದು ರಾಮಾಂಜನೇಯ ಗುಡ್ಡದ ತನಕ, ತರುವುದು ಒಂದು ಕಟ್ಟು ಸೊಪ್ಪು.

ಎಸ್‌ಜೆಪಿ ರಸ್ತೆ ಬೇರೆಯೇ ಲೋಕ. ಹಸಿರು ಲೈನಿನ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಇಳಿದು ನಡೆದರೆ ಸಾಕು, ಗಾಡಿ ತರಬೇಡಿ, ನಿಲ್ಲಿಸಲು ಜಾಗವಿಲ್ಲ. ಬೇರಿಂಗ್ ಅಂಗಡಿ ಅಂದರೆ ಅಗಲ ಕಮ್ಮಿ, ಉದ್ದ ಜಾಸ್ತಿ, ಸೂರಿನ ತನಕ ರಟ್ಟಿನ ಪೆಟ್ಟಿಗೆ. ಹೋದೊಡನೆ ಬರುವ ಪ್ರಶ್ನೆ, "ತೂಕದ ಮೇಲೆ ಬೇಕಾ ಸರ್, ಎಣಿಸಿ ಬೇಕಾ?"

"ನೂರರ ಪ್ಯಾಕೆಟ್ ಇದೆಯಾ? ಯಾವ ಗ್ರೇಡು?"

"ಯಾವ ಮಷಿನ್‌ಗೆ ಸರ್?"

"ಸೈಕಲ್ಲಿಗೆ."

ಅವರು ಒಳಗೆ ನೋಡಿ ನಕ್ಕರು. "ಸೈಕಲ್ಲಿಗೆ ಗ್ರೇಡ್ ಕೇಳೋರು ನೀವೇ ಫಸ್ಟು." ಆದರೂ ಏಣಿ ಹತ್ತಿ ಪ್ಯಾಕೆಟ್ ಇಳಿಸಿಕೊಟ್ಟರು.

ಗ್ರೇಡ್ ಅಂದರೆ ಬಾಲ್ ಎಷ್ಟು ಗುಂಡಗಿದೆ ಅನ್ನುವ ಲೆಕ್ಕ. ನಂಬರ್ ಚಿಕ್ಕದಾದಷ್ಟೂ ಒಳ್ಳೆಯದು. ಜಿ25 ಅಂದರೆ ಗುಂಡುತನದಲ್ಲಿ ಏರುಪೇರು ಇಂಚಿನ ಹತ್ತು ಲಕ್ಷದಲ್ಲಿ 25 ಭಾಗದ ಒಳಗೆ, ಸುಮಾರು 0.6 ಮೈಕ್ರಾನ್. ಜಿ100ಕ್ಕೆ 2.5 ಮೈಕ್ರಾನ್. ಜಿ1000ಕ್ಕೆ 25. ಹಬ್‌ಗೆ ಜಿ25 ಸಿಕ್ಕರೆ ಒಳ್ಳೆಯದು, ಜಿ100 ಆದರೂ ಓಡುತ್ತದೆ, ಜಿ1000 ಬೇಡವೇ ಬೇಡ. ಮನೆಯ ಡಿಜಿಟಲ್ ವರ್ನಿಯರ್ ತೋರಿಸುವುದು 0.01 ಮಿ.ಮೀ., ಅಂದರೆ 10 ಮೈಕ್ರಾನ್. ಅದರಲ್ಲಿ ಜಿ25 ಮತ್ತು ಜಿ100ರ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ಇಲ್ಲಿ ಪ್ಯಾಕೆಟ್ ಮೇಲಿನ ಅಕ್ಷರವನ್ನೇ ನಂಬಬೇಕು, ಅದಕ್ಕೇ ಒಡೆಯದ ಪ್ಯಾಕೆಟ್ ಕೇಳಿ.

ಒಡೆಯದ ಪ್ಯಾಕೆಟ್‌ಗೆ ಇನ್ನೂ ದೊಡ್ಡ ಕಾರಣ, ಅದರಲ್ಲಿರುವ ನೂರೂ ಒಂದೇ ಲಾಟ್, ಅಂದರೆ ಒಂದೇ ಸಲಕ್ಕೆ ತಯಾರಾದವು. ಇನ್ನೊಂದು ಲಾಟ್ ಒಂದು ಕೂದಲೆಳೆ ದಪ್ಪ ಇರಬಹುದು, ಒಂದೇ ಕಂಪನಿಯದ್ದಾದರೂ. ಬೆರೆಸದಿದ್ದರೆ ಸಾಕು. ನನ್ನ ಪ್ಯಾಕೆಟ್‌ನಲ್ಲಿ ಯಾವುದನ್ನು ತೆಗೆದು ಅಳೆದರೂ 6.35 ಬಿಟ್ಟು ಕದಲಲಿಲ್ಲ.

ತೂಕದ ಮೇಲೆ ಕೊಟ್ಟರೆ ಲೆಕ್ಕ ಹೀಗಿದೆ. ಕಾಲಿಂಚಿನ ಒಂದು ಬಾಲ್ ಸುಮಾರು 1.05 ಗ್ರಾಂ, 3/16ರದ್ದು 0.44 ಗ್ರಾಂ. ಅರ್ಧ ಕೆ.ಜಿ. ತಗೊಂಡರೆ ಕಾಲಿಂಚಿನವು 475ರ ಆಸುಪಾಸು ಬರುತ್ತವೆ, 3/16 ಆದರೆ ಸಾವಿರ ದಾಟುತ್ತವೆ. ಒಂದು ಮನೆಗೆ ಅದು ಜನ್ಮಕ್ಕಾಗುವಷ್ಟು. ನೂರರ ಪ್ಯಾಕೆಟ್ಟನ್ನು ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 105 ಗ್ರಾಂ ಹತ್ತಿರ ಬರಬೇಕು, ಎಣಿಸುವ ಕೆಲಸ ಉಳಿಯಿತು. ಎಸ್‌ಜೆಪಿಯ ತಲೆನೋವು ಎರಡೇ. ಭಾನುವಾರ ಬಹುತೇಕ ಬೇರಿಂಗ್ ಅಂಗಡಿಗಳಿಗೆ ಬೀಗ. ಹದಿನೆಂಟು ಬಾಲ್ಸ್ ಮಾತ್ರ ಕೊಡಿ ಅಂದರೆ ಮುಖ ಎತ್ತಿಯೂ ನೋಡುವುದಿಲ್ಲ.

ಆನ್‌ಲೈನಿನಲ್ಲಿ ಗ್ರೇಡ್, ಉಕ್ಕಿನ ಹೆಸರು, ಎಣಿಕೆ ಎಲ್ಲ ಬರೆದಿರುತ್ತಾರೆ. ಇಪ್ಪತ್ತು, ಐವತ್ತರ ಸಣ್ಣ ಪ್ಯಾಕೆಟ್ಟೂ ಸಿಗುತ್ತದೆ. ಒಂದು ಬಾಲ್‌ನ ಲೆಕ್ಕ ಹಾಕಿದರೆ ಮೂರರಲ್ಲಿ ಇದೇ ದುಬಾರಿ. ದುಬಾರಿಗಿಂತ ನನಗೆ ಸಿಟ್ಟು ಬರುವುದು ಸೈಜ್ ಬರೆಯುವ ರೀತಿಗೆ. ಮೇಲೆ "ಕಾಲಿಂಚು", ಕೆಳಗೆ "6 ಮಿ.ಮೀ.", ಎರಡರಲ್ಲಿ ಯಾವುದು ನಿಜ? 3/16ನ್ನು 5 ಮಿ.ಮೀ. ಅಂತಲೂ ಬರೆಯುತ್ತಾರೆ. 6.35, 4.76 ಅಂತ ಪಾಯಿಂಟ್ ಸಮೇತ ಬರೆದಿದ್ದರೆ ಮಾತ್ರ ದುಡ್ಡು ಕಟ್ಟಿ.

ಸ್ಟೇನ್‌ಲೆಸ್ ಅಂದ ತಕ್ಷಣ ತಗೊಳ್ಳುವುದೂ ಬೇಡ. ಹಬ್‌ಗೆ ಆಗುವುದು 440ಸಿ ಅನ್ನುವ ಬಗೆ, ಅದು ಗಟ್ಟಿ. 304 ಮತ್ತು 316 ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಬೇರಿಂಗ್ ಕೆಲಸಕ್ಕೆ ತೀರಾ ಮೆತ್ತಗೆ. ಆಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. 440ಸಿ ಗಟ್ಟಿಯಾಗಿ ಅಂಟುತ್ತದೆ, 304 ಅಂಟುವುದೇ ಇಲ್ಲ ಅಥವಾ ಅರೆಮನಸ್ಸಿನಿಂದ ಅಂಟುತ್ತದೆ. ಕ್ರೋಮ್ ಸ್ಟೀಲ್ ಕೂಡ ಗಟ್ಟಿಯಾಗಿ ಅಂಟುವುದರಿಂದ, ಅದನ್ನೂ 440ಸಿಯನ್ನೂ ಬೇರೆ ಮಾಡಲು ಉಪ್ಪುನೀರಲ್ಲಿ ಒಂದೊಂದು ಹಾಕಿ ರಾತ್ರಿ ಬಿಡಿ. ಬೆಳಗ್ಗೆ ಕಂದು ಚುಕ್ಕೆ ಬಿದ್ದದ್ದು ಕ್ರೋಮ್ ಸ್ಟೀಲ್. ಹೆಸರಲ್ಲಿ ಕ್ರೋಮ್ ಇದ್ದರೂ ಅದರಲ್ಲಿ ಇರುವುದು ಶೇ. 1.5ರಷ್ಟು ಮಾತ್ರ, ತುಕ್ಕು ತಡೆಯಲು ಏನೇನೂ ಸಾಲದು.

ಮುಂದಿನ ಚಕ್ರದಲ್ಲಿ ಒಂದು ಕಡೆ ಕ್ರೋಮ್ ಸ್ಟೀಲ್, ಇನ್ನೊಂದು ಕಡೆ 440ಸಿ ಹಾಕಿ ಮಳೆಗಾಲ ಪೂರ್ತಿ ಓಡಿಸಿದೆ. ಬಿಚ್ಚಿದಾಗ ಎರಡೂ ಕಡೆ ಗ್ರೀಸ್ ಹಾಲು ಬೆರೆತ ಕಾಫಿ ಬಣ್ಣಕ್ಕೆ ತಿರುಗಿತ್ತು, ಎರಡೂ ಕಡೆ ಬಾಲ್ಸ್ ಚೆನ್ನಾಗಿದ್ದವು. ನೀರು ಮೊದಲು ಕೆಡಿಸಿದ್ದು ಗ್ರೀಸನ್ನು. ಹಾಗಾಗಿ ಸ್ಟೇನ್‌ಲೆಸ್‌ಗೆ ಕೊಡುವ ಹೆಚ್ಚಿನ ದುಡ್ಡಲ್ಲಿ ಒಳ್ಳೆಯ ಗ್ರೀಸ್ ತಗೊಂಡು, ಮಳೆ ಮುಗಿದ ಕೂಡಲೇ ಬದಲಾಯಿಸುವುದು ಮೇಲು ಅಂತ ನನ್ನ ತೀರ್ಮಾನ. ಸೆರಾಮಿಕ್ ಬಾಲ್ಸ್ ರೇಸ್ ಓಡಿಸುವವರಿಗೆ. ನಮ್ಮ ರಸ್ತೆಯ ಧೂಳಿಗೆ ಅದನ್ನು ಬಲಿ ಕೊಡುವ ಮನಸ್ಸಿಲ್ಲ.

ಬಳೆಯಲ್ಲಿ ಕೂರಿಸಿ ಬರುವ ಬಾಲ್ಸೂ ಇವೆ. ಹಾಕುವುದು ಸುಲಭ. ಆದರೆ 9 ಇರಬೇಕಾದ ಕಡೆ ಸಾಮಾನ್ಯವಾಗಿ 7 ಇರುತ್ತವೆ, ಭಾರ ಹಂಚಿಕೊಳ್ಳುವವು ಅಷ್ಟು ಕಮ್ಮಿ. ಬಳೆ ಮುರಿದರೆ ಚೂರು ಒಳಗೇ ಅರೆಯುತ್ತದೆ. ನಾನು ಬಿಟ್ಟಿದ್ದೇನೆ.

ಇನ್ನು ಇಡುವ ವಿಷಯ. ನಮ್ಮೂರು ಮಂಗಳೂರಲ್ಲ ನಿಜ. ಆದರೂ ಜುಲೈನ ಜಿಟಿಜಿಟಿಯಲ್ಲಿ ಬಟ್ಟೆ ಒಣಗದ ಮನೆಯಲ್ಲಿ ಬಾಲ್ಸ್ ಒಣಗಿರುತ್ತವೆ ಅಂತ ನಂಬುವುದು ಹೇಗೆ? ಕೈ ಬೆವರು ಸೋಕಿದ್ದೂ ಸಾಕು, ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಹೊಸ ಬಾಲ್ಸ್ ಮುಟ್ಟಲು ನಾನು ಚಿಮಟ ಬಳಸುತ್ತೇನೆ.

ಜಿಪ್ ಇರುವ ಪ್ಲಾಸ್ಟಿಕ್ ಕವರ್ ಮೊದಲು ಸರಿಯಾಗಿಯೇ ಇರುತ್ತದೆ. ಎಣ್ಣೆ ತಾಗಿ ತಾಗಿ ಜಿಪ್ ಜಾರುತ್ತದೆ, ಮೂಲೆಯಲ್ಲಿ ತೂತು ಬೀಳುತ್ತದೆ. ಮಣಿ, ಗುಂಡಿ ಇಡುವ ಖಾನೆಗಳ ಪ್ಲಾಸ್ಟಿಕ್ ಪೆಟ್ಟಿಗೆ ನೋಡಲು ಬಹಳ ಚಂದ. ಆದರೆ ಮುಚ್ಚಳಕ್ಕೂ ಖಾನೆಯ ಗೋಡೆಗೂ ನಡುವೆ ಸಂದು ಇರುತ್ತದೆ. ಪೆಟ್ಟಿಗೆ ಒಮ್ಮೆ ಮಗುಚಿದರೆ ಫ್ರೀವೀಲಿನ 1/8 ಇಂಚಿನ ಬಾಲ್ಸ್ ಊರೆಲ್ಲ ಸುತ್ತಿ ಬರುತ್ತವೆ. ಬೇರಿಂಗ್ ಲಾಟ್ ಬೆರೆಯಬಾರದು ಅನ್ನುವವನಿಗೆ ಇದಕ್ಕಿಂತ ಕೆಟ್ಟ ಪೆಟ್ಟಿಗೆ ಇಲ್ಲ. ಗ್ರೀಸ್ ಡಬ್ಬಿಯಲ್ಲಿ ಮುಳುಗಿಸಿಟ್ಟರೆ ತುಕ್ಕು ಬರುವುದಿಲ್ಲ, ಅದಕ್ಕೆ ಪೂರ್ತಿ ಅಂಕ. ಆದರೆ ಮುಚ್ಚಳ ತೆಗೆದಾಗಲೆಲ್ಲ ಧೂಳು ಕೂರುತ್ತದೆ, ಗ್ರೀಸ್ ಒಳಗೆ ಕೂತ ಮರಳಿನ ಕಣ ಸಾಣೆ ಕಲ್ಲಿನ ಕೆಲಸವನ್ನೇ ಮಾಡುತ್ತದೆ. ಆಯಸ್ಕಾಂತದ ತಟ್ಟೆ ಕೆಲಸ ಮಾಡುವಾಗ ಅನುಕೂಲ, ಅಲ್ವಾ? ಅದರಲ್ಲೇ ಬಿಟ್ಟರೆ ಬಾಲ್ಸ್‌ಗೂ ಸ್ವಲ್ಪ ಸೆಳೆತ ಅಂಟಿಕೊಂಡು, ಸವೆದ ಉಕ್ಕಿನ ಪುಡಿಯನ್ನು ಎಳೆದುಕೊಳ್ಳುತ್ತವೆ.

ನನಗೆ ಒಗ್ಗಿದ್ದು ತಿರುಪಿನ ಮುಚ್ಚಳದ ಸಣ್ಣ ಗಾಜಿನ ಮಾತ್ರೆ ಬಾಟಲಿ. ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಒಂದು ಚಕ್ರಕ್ಕೆ ಒಂದು ಬಾಟಲಿ. ಹಿಂದಿನದಕ್ಕೆ 18, ಮುಂದಿನದಕ್ಕೆ 20, ನೆಲಕ್ಕೆ ಬಿದ್ದು ಮಂಚದ ಕೆಳಗೆ ಓಡುವವುಗಳ ಲೆಕ್ಕಕ್ಕೆ ಮೇಲೆ ಎರಡು. ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಹಾಕಿ ಅಲ್ಲಾಡಿಸಿದರೆ ಎಲ್ಲಕ್ಕೂ ಹತ್ತುತ್ತದೆ. ತೆಂಗಿನೆಣ್ಣೆ ಬೇಡ. ಡಿಸೆಂಬರ್ ಚಳಿಗೆ ಗಟ್ಟಿಯಾಗುತ್ತದೆ, ಆಮೇಲೆ ಅಂಟಂಟು. ಚೀಟಿಯ ಮೇಲೆ ಸೈಜ್, ಗ್ರೇಡ್, ಯಾವ ಅಂಗಡಿ, ಯಾವ ತಿಂಗಳು ಅಂತ ಬರೆದು ಅಂಟಿಸಿ, ಮೇಲೆ ಸೆಲೋ ಟೇಪ್ ಸುತ್ತಿ. ಇಲ್ಲದಿದ್ದರೆ ಎಣ್ಣೆ ಕೈಗೆ ಅಕ್ಷರ ಅಳಿಸುತ್ತದೆ. ಬಾಟಲಿಗಳೆಲ್ಲ ಒಂದು ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿಯೊಳಗೆ ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್. ಅದನ್ನು ಬಾಟಲಿಯ ಒಳಗೇ ಹಾಕಿದರೆ ಎಣ್ಣೆ ಕುಡಿದು ಕೂರುತ್ತದೆ. ಬೇರಿಂಗ್ ಸುತ್ತಿ ಬರುವ ತುಕ್ಕು ತಡೆಯುವ ಕಾಗದ ಸಿಕ್ಕರೆ ಎಸೆಯಬೇಡಿ, ಮುಚ್ಚಿದ ಡಬ್ಬಿಯಲ್ಲಿ ಅದೂ ಕೆಲಸ ಮಾಡುತ್ತದೆ.

ನೂರರ ಪ್ಯಾಕೆಟ್ಟಿನಲ್ಲಿ ಐದು ಹಿಂದಿನ ಚಕ್ರ ಆಗಿ ಹತ್ತು ಉಳಿಯುತ್ತವೆ. ನಮ್ಮ ಬೀದಿಯಲ್ಲಿ ಸೈಕಲ್ ಇಟ್ಟುಕೊಂಡವರು ಕೆಲವರಿದ್ದಾರೆ, ಈಗ ಸೇರಿ ತರುತ್ತೇವೆ. ಕಾಲಿಂಚಿನದು ಒಬ್ಬರು, 3/16ರದ್ದು ಇನ್ನೊಬ್ಬರು. ಶನಿವಾರ ಬೆಳಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ಎಸ್‌ಜೆಪಿಯಲ್ಲಿ ಕಾಲಿಡಲು ಆಗುವುದಿಲ್ಲ, ಅಂಗಡಿಯವರಿಗೆ ಏಣಿ ಹತ್ತುವ ತಾಳ್ಮೆಯೂ ಇರುವುದಿಲ್ಲ.