ಯುಎಸ್‌ಬಿ ಮೋಡೆಮ್ ಕೊಳ್ಳುವವರು ಪೆಟ್ಟಿಗೆಯ ಹಿಂಬದಿಯನ್ನು ಮೊದಲು ಓದಿ

ಮೊಬೈಲ್ ಬ್ರಾಡ್‌ಬ್ಯಾಂಡ್‌ಗೆಂದು ಎಂಟು ತಿಂಗಳಲ್ಲಿ ಮೂರು ಯುಎಸ್‌ಬಿ ಮೋಡೆಮ್‌ಗಳನ್ನು, ಆಡುಮಾತಿನಲ್ಲಿ ಹೇಳುವುದಾದರೆ ಡಾಂಗಲ್‌ಗಳನ್ನು, ಕೊಂಡಿದ್ದೇನೆ. ಮೊದಲ ಎರಡರಲ್ಲಿ ಯಾವುದೂ ಕೆಟ್ಟುಹೋದ ಸರಕಲ್ಲ. ಕಂಪ್ಯೂಟರಿಗೆ ಚುಚ್ಚಿದೊಡನೆ ಅವು ಗುರುತಾಗುತ್ತಿದ್ದವು, ಸಿಮ್ ಓದುತ್ತಿದ್ದವು, ದೀಪ ಉರಿಸುತ್ತಿದ್ದವು. ಆದರೂ ನನಗೆ ಬೇಕಾದ ಕೆಲಸಕ್ಕೆ ಒದಗಲಿಲ್ಲ. ತಪ್ಪು ಎಲ್ಲಿ ಆಯಿತೆಂದು ತಿಳಿಯುವ ಹೊತ್ತಿಗೆ ಹಿಂದಿರುಗಿಸುವ ಅವಧಿ ಮುಗಿದಿತ್ತು. ಇನ್ನೊಬ್ಬರು ಅದೇ ಕಡೆ ಎಡವಬಾರದೆಂದು ನಡೆದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಮೊದಲನೆಯದನ್ನು ಹೆಸರಾಂತ ತಯಾರಿಕೆಯೆಂಬ ಭರವಸೆಯ ಮೇಲೆ ಹೊಸದಾಗಿಯೇ ಕೊಂಡೆ. ಪೆಟ್ಟಿಗೆಯ ಮುಂಬದಿಯಲ್ಲಿ 4ಜಿ ಎಂದೂ 150 ಎಂಬಿಪಿಎಸ್ ಎಂದೂ ದಪ್ಪ ಅಕ್ಷರಗಳಲ್ಲಿತ್ತು. ಅಂಗಡಿಯಲ್ಲೇ ನನ್ನ ಸಿಮ್ ಹಾಕಿ ಪರೀಕ್ಷಿಸಿದೆವು. ಮೋಡೆಮ್‌ನ ತುದಿಯ ದೀಪ 4ಜಿಯನ್ನು ಸೂಚಿಸುವ ತಿಳಿ ಹಸಿರುನೀಲಿಗೆ ತಿರುಗಿತು, ಪುಟಗಳು ತಟ್ಟನೆ ತೆರೆದುಕೊಂಡವು, ಇನ್ನೇನು ಬೇಕೆಂದು ಹಣ ಕೊಟ್ಟು ಬಂದೆ. ಮನೆಯಲ್ಲಿ ಚುಚ್ಚಿದರೆ ಅದೇ ದೀಪ ಗಾಢ ನೀಲಿ, ಎಂದರೆ 3ಜಿ. ಕೋಣೆ ಬದಲಿಸಿದೆ, ಕಿಟಕಿಯ ಪಕ್ಕದಲ್ಲಿಟ್ಟೆ, ಮಹಡಿಗೆ ಒಯ್ದೆ, ಬಣ್ಣ ಬದಲಾಗಲಿಲ್ಲ. ಪರದೆಯ ಮೇಲೆ ಸಿಗ್ನಲ್‌ನ ಐದು ಕಡ್ಡಿಗಳೂ ತುಂಬಿಕೊಂಡಿದ್ದರಿಂದ ಮತ್ತಷ್ಟು ಗೊಂದಲವಾಯಿತು. ಆ ಕಡ್ಡಿಗಳು ಸೂಚಿಸುತ್ತಿದ್ದುದು 3ಜಿ ಸಿಗ್ನಲ್ಲಿನ ಬಲವನ್ನು, ನನಗೆ ಬೇಕಿದ್ದ 4ಜಿಯ ಬಲವನ್ನಲ್ಲ ಎಂಬುದು ಆಗ ಹೊಳೆಯಲಿಲ್ಲ. ಅದೇ ಸಿಮ್ಮನ್ನು ಫೋನಿಗೆ ಹಾಕಿದರೆ ಅದೇ ಕುರ್ಚಿಯಲ್ಲಿ 4ಜಿ ಸಿಗುತ್ತಿತ್ತು.

ಅಂಗಡಿಗೆ ಮರಳಿ ಹೋದಾಗ ಸಿಕ್ಕ ಉತ್ತರ, “ಸರ್, ನಿಮ್ಮ ಮನೆಯಲ್ಲಿ ಸಿಗ್ನಲ್ ಕಡಿಮೆ ಇರಬೇಕು, ಒಂದು ಆಂಟೆನಾ ಹಾಕಿ ನೋಡಿ” ಎಂಬುದು. ಹಾಕಿಯೂ ನೋಡಿದೆ. ಕಿವಿಗೆ ಶ್ರವಣ ಸಾಧನ ತೊಡಿಸಿದ ಮಾತ್ರಕ್ಕೆ ಬಾರದ ಭಾಷೆ ಅರ್ಥವಾಗುವುದಿಲ್ಲವಷ್ಟೆ. ಆಂಟೆನಾದಿಂದ 3ಜಿಯ ಸಿಗ್ನಲ್ ಇನ್ನಷ್ಟು ಬಲಗೊಂಡಿತು, 4ಜಿ ಮಾತ್ರ ಬರಲಿಲ್ಲ.

ಕಾರಣ ತಿಳಿದದ್ದು ಫೋನಿನಿಂದ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ *#*#4636#*#* ಎಂದು ಒತ್ತಿದರೆ, ಐಫೋನ್‌ನಲ್ಲಿ *3001#12345#* ಎಂದು ಒತ್ತಿ ಕರೆ ಮಾಡಿದರೆ, ಆ ಕ್ಷಣದಲ್ಲಿ ಫೋನು ಯಾವ ಗೋಪುರದೊಡನೆ ಹೇಗೆ ಮಾತಾಡುತ್ತಿದೆಯೆಂಬ ಪರೀಕ್ಷಾ ಮಾಹಿತಿ ತೆರೆದುಕೊಳ್ಳುತ್ತದೆ. ಅದರಲ್ಲಿ ಇಎಆರ್‌ಎಫ್‌ಸಿಎನ್ ಎಂಬ ಸಾಲಿನ ಮುಂದೆ ನನ್ನ ಫೋನಿನಲ್ಲಿ 2463 ಎಂದಿತ್ತು. ಇದು ಚಾನಲ್ ಸಂಖ್ಯೆ. 4ಜಿಯ ಪ್ರತಿಯೊಂದು ಬ್ಯಾಂಡಿಗೂ, ಎಂದರೆ ಅದಕ್ಕೆಂದು ಗೊತ್ತುಮಾಡಿದ ರೇಡಿಯೊ ಆವರ್ತನಗಳ ಪ್ರತಿಯೊಂದು ಪಟ್ಟಿಗೂ, ಇಂತಿಷ್ಟೇ ಸಂಖ್ಯೆಗಳೆಂದು ನಿಗದಿಯಾಗಿದೆ: 1200ರಿಂದ 1949ರವರೆಗೆ ಬ್ಯಾಂಡ್ 3, 2400ರಿಂದ 2649ರವರೆಗೆ ಬ್ಯಾಂಡ್ 5, 3450ರಿಂದ 3799ರವರೆಗೆ ಬ್ಯಾಂಡ್ 8, 38650ರಿಂದ 39649ರವರೆಗೆ ಬ್ಯಾಂಡ್ 40. ಹಾಗಾಗಿ ನನ್ನ ಮನೆಗೆ ತಲುಪುತ್ತಿದ್ದುದು ಬ್ಯಾಂಡ್ 5, ಅಂದರೆ 850 ಮೆಗಾಹರ್ಟ್ಸ್. ಅಂಗಡಿಯ ಸುತ್ತಮುತ್ತ ಅದೇ ಸೇವಾದಾತರು ಬ್ಯಾಂಡ್ 3ರಲ್ಲಿ, ಎಂದರೆ 1800 ಮೆಗಾಹರ್ಟ್ಸ್‌ನಲ್ಲಿಯೂ ಸೇವೆ ಕೊಡುತ್ತಿದ್ದರು. ಕಡಿಮೆ ಆವರ್ತನದ ಅಲೆಗಳು ದೂರಕ್ಕೂ ಹೋಗುತ್ತವೆ, ಗೋಡೆಗಳನ್ನೂ ಸುಲಭವಾಗಿ ದಾಟುತ್ತವೆ. ಗೋಪುರದಿಂದ ದೂರವಿರುವ ಮನೆಗಳ ಒಳಗೆ ಉಳಿಯುವುದು ಸಾಮಾನ್ಯವಾಗಿ ಅವೇ.

ಆಗ ಪೆಟ್ಟಿಗೆಯನ್ನು ಮತ್ತೆ ಕೈಗೆತ್ತಿಕೊಂಡೆ. ಹಿಂಬದಿಯಲ್ಲಿ, ಬಾರ್‌ಕೋಡ್‌ನ ಕೆಳಗೆ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ “800/900/1800/2100/2600” ಎಂದಿತ್ತು. ನನ್ನ ಬುದ್ಧಿಗೇಡಿತನವನ್ನೂ ಇಲ್ಲಿಯೇ ಒಪ್ಪಿಕೊಳ್ಳಬೇಕು: ಕೊಳ್ಳುವ ದಿನ ಈ ಸಾಲನ್ನು ಓದಿದ್ದೆ, 800ಕ್ಕೂ 850ಕ್ಕೂ ಏನು ಮಹಾ ಅಂತರವೆಂದು ಸುಮ್ಮನಾಗಿದ್ದೆ. ಆ 800 ಎಂಬುದು ಬ್ಯಾಂಡ್ 20. ಅದರಲ್ಲಿ ಗೋಪುರವು 791ರಿಂದ 821 ಮೆಗಾಹರ್ಟ್ಸ್‌ವರೆಗೆ ಮಾತಾಡುತ್ತದೆ, ಮೋಡೆಮ್ 832ರಿಂದ 862ರವರೆಗೆ ಉತ್ತರಿಸುತ್ತದೆ. ಬ್ಯಾಂಡ್ 5ರಲ್ಲಿ ಗೋಪುರ ಮಾತಾಡುವುದು 869ರಿಂದ 894ರವರೆಗೆ, ಮೋಡೆಮ್ ಉತ್ತರಿಸಬೇಕಾದದ್ದು 824ರಿಂದ 849ರವರೆಗೆ. ಒಂದರಲ್ಲಿ ಮೋಡೆಮ್‌ನ ದನಿ ಗೋಪುರದ ದನಿಗಿಂತ ಮೇಲೆ, ಇನ್ನೊಂದರಲ್ಲಿ ಕೆಳಗೆ. ಕೂತಿರುವ ಜಾಗವೂ ಬೇರೆ, ಮುಖ ಮಾಡಿರುವ ದಿಕ್ಕೂ ಬೇರೆ. ಬೇರೊಂದು ಭೂಭಾಗದ ಜಾಲಗಳಿಗೆಂದು ತಯಾರಾದ ಮೋಡೆಮ್ ನನ್ನ ಕೈಗೆ ಬಂದಿತ್ತು.

ಒಂದೇ ಮಾದರಿಯ ಹೆಸರಿನಡಿಯಲ್ಲಿ ಹಲವು ಭೂಭಾಗಗಳಿಗೆ ಹಲವು ಆವೃತ್ತಿಗಳನ್ನು ತಯಾರಿಸುವುದು ಈ ಉದ್ಯಮದ ರೂಢಿ. ನಾನು ಕೊಂಡದ್ದಲ್ಲದಿದ್ದರೂ ವ್ಯಾಪಕ ಬಳಕೆಯಲ್ಲಿರುವ ಹುವಾವೇ ಇ3372 ಇದಕ್ಕೆ ಒಳ್ಳೆಯ ಉದಾಹರಣೆ: ಅದೇ ಹೆಸರಿನ ಮುಂದೆ 153, 510, 607 ಮುಂತಾದ ಬಾಲಂಗೋಚಿಗಳಿರುತ್ತವೆ, ಬಾಲ ಬದಲಾದರೆ ಬ್ಯಾಂಡುಗಳ ಪಟ್ಟಿಯೂ ಬದಲಾಗುತ್ತದೆ. ಆದ್ದರಿಂದ ಮಾದರಿಯ ಹೆಸರನ್ನಷ್ಟೇ ಹೇಳಿ ಮೋಡೆಮ್ ತರಿಸಿಕೊಳ್ಳಬೇಡಿ. ಪೂರ್ಣ ಮಾದರಿ ಸಂಖ್ಯೆಯನ್ನು ಕೇಳಿ ಪಡೆಯಿರಿ, ಮೋಡೆಮ್ ಬಳಸುವ ಕೋಣೆಯಲ್ಲಿಯೇ ಕುಳಿತು ಫೋನಿನ ಪರೀಕ್ಷಾ ಪುಟವನ್ನು ಬೇರೆ ಬೇರೆ ಹೊತ್ತಿನಲ್ಲಿ ನೋಡಿ, ಅಲ್ಲಿ ಕಂಡ ಬ್ಯಾಂಡುಗಳೆಲ್ಲವೂ ಆ ಪಟ್ಟಿಯಲ್ಲಿವೆಯೇ ಎಂದು ಹೊಂದಿಸಿ ನೋಡಿ. ಅಂಗಡಿಯ ಪರೀಕ್ಷೆಯಿಂದ ತಿಳಿಯುವುದು ಅಂಗಡಿಯ ಸಿಗ್ನಲ್ ಮಾತ್ರ.

150 ಎಂಬ ಆ ದೊಡ್ಡ ಅಂಕಿಯ ಬಗ್ಗೆಯೂ ಒಂದು ಮಾತು. ಅದು 4ಜಿಯ ನಾಲ್ಕನೆಯ ವರ್ಗದ ಸಾಧನಗಳಿಗಿರುವ ವೇಗದ ಗರಿಷ್ಠ ಮಿತಿ. ಮೂರನೆಯ ವರ್ಗಕ್ಕೆ 100. ಸೇವಾದಾತರ ಬಳಿ 20 ಮೆಗಾಹರ್ಟ್ಸ್ ಅಗಲದ ಚಾನಲ್ ಇದ್ದು, ಸಿಗ್ನಲ್ ಅತ್ಯುತ್ತಮವಾಗಿದ್ದು, ಆ ಗೋಪುರವನ್ನು ನೀವೊಬ್ಬರೇ ಬಳಸುತ್ತಿದ್ದರೆ ಮಾತ್ರ ಅದರ ಸಮೀಪಕ್ಕೆ ಹೋಗಬಹುದು. ಚಾನಲ್‌ನ ಅಗಲ 5 ಮೆಗಾಹರ್ಟ್ಸ್ ಇದ್ದರೆ ಮಿತಿಯೇ ಸುಮಾರು 37 ಎಂಬಿಪಿಎಸ್‌ಗೆ ಇಳಿಯುತ್ತದೆ, ಅದನ್ನೂ ನೆರೆಹೊರೆಯವರೊಡನೆ ಹಂಚಿಕೊಳ್ಳಬೇಕು. ಹೀಗಿರುವಾಗ 150ರದ್ದನ್ನು ಬಿಟ್ಟು 300ರದ್ದಕ್ಕೆ ಹೆಚ್ಚು ಹಣ ಸುರಿಯುವುದಕ್ಕಿಂತ, ನಿಮ್ಮ ಮನೆಗೆ ಬರುವ ಬ್ಯಾಂಡ್ ಇರುವ 100ರದ್ದನ್ನು ಕೊಳ್ಳುವುದೇ ಜಾಣತನವೆಂದು ನನ್ನ ಅಭಿಪ್ರಾಯ.

ಎರಡನೆಯ ಸಲ ಬ್ಯಾಂಡುಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ, ಬೀಗವನ್ನು ನೋಡಲಿಲ್ಲ. ಹಣ ಉಳಿಸಲೆಂದು ಬಳಸಿದ ಮೋಡೆಮ್ ಒಂದನ್ನು ಕೊಂಡೆ. ಮಾರಿದವರು ಅನ್‌ಲಾಕ್ ಆಗಿದೆಯೆಂದೇ ಹೇಳಿದ್ದರು. ನನ್ನ ಸಿಮ್ ಹಾಕಿದಾಗ ಪರದೆಯ ಮೇಲೆ ಅನ್‌ಲಾಕ್ ಕೋಡ್ ಕೇಳುವ ಪೆಟ್ಟಿಗೆ ತೆರೆಯಿತು, ಅದರ ಕೆಳಗೆ ಇನ್ನುಳಿದಿರುವ ಅವಕಾಶಗಳು 10 ಎಂದಿತ್ತು. ಸೇವಾದಾತ ಸಂಸ್ಥೆಗಳು ರಿಯಾಯಿತಿ ದರದಲ್ಲಿ ಕೊಡುವ ಮೋಡೆಮ್‌ಗಳು ಅನೇಕ ವೇಳೆ ಅವರದೇ ಸಿಮ್‌ಗೆ ಮಾತ್ರ ತೆರೆದುಕೊಳ್ಳುವಂತೆ ಬೀಗ ಹಾಕಿಕೊಂಡು ಬರುತ್ತವೆ, ಇದೂ ಅಂಥದೇ. ಮಾರಿದವರು ಒಂದಾದ ಮೇಲೊಂದು ಕೋಡ್ ಕಳಿಸಿದರು. ಎಂಟಾಯಿತು, ಆರಾಯಿತು, ಮೂರಕ್ಕೆ ಬಂದಾಗ ನಾನು ಕೈಬಿಟ್ಟೆ, ಏಕೆಂದರೆ ಆ ಎಣಿಕೆ ಸೊನ್ನೆಗೆ ಬಂದರೆ ಮುಂದೆ ಸರಿಯಾದ ಕೋಡ್ ಸಿಕ್ಕರೂ ಅದು ಸ್ವೀಕರಿಸದೆ ಹೋಗಬಹುದು. ಹಳೆಯ ಕೆಲವು ಮಾದರಿಗಳಿಗೆ ಐಎಂಇಐ ಸಂಖ್ಯೆಯಿಂದ, ಎಂದರೆ ಪ್ರತಿ ಸಾಧನಕ್ಕೂ ಬೇರೆಯಾಗಿರುವ ಗುರುತಿನ ಸಂಖ್ಯೆಯಿಂದ, ಕೋಡ್ ಲೆಕ್ಕ ಹಾಕುವ ತಂತ್ರಾಂಶಗಳಿದ್ದವು. ಹೊಸ ಮಾದರಿಗಳಿಗೆ ಅವು ಕೊಡುವ ಕೋಡ್‌ಗಳನ್ನು ನಂಬಿ ಅವಕಾಶಗಳನ್ನು ಸುಡಬೇಡಿ. ಮೂಲ ಸೇವಾದಾತರನ್ನು ಕೇಳಿದೆ, ಮೊದಲ ಖರೀದಿಯ ರಸೀದಿ ಇಲ್ಲದೆ ಕೋಡ್ ಕೊಡಲಾಗದೆಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಮಾರಿದವರ ಮೇಲೆ ಮತ್ತು ಬೇರೆ ಸಂಸ್ಥೆಯ ಸಿಮ್ ಹಾಕಿ ತೋರಿಸಿರೆಂದು ಕೇಳದ ನನ್ನ ಸಂಕೋಚದ ಮೇಲೆ.

ಬಳಸಿದ ಮೋಡೆಮ್ ಕೊಳ್ಳುವವರು 3ಜಿ ಮಾತ್ರ ಇರುವ ಸಾಧನಗಳಿಂದಲೂ ದೂರವಿರಬೇಕು. ಪೆಟ್ಟಿಗೆಯ ಮೇಲೆ 7.2, 21.6 ಅಥವಾ 42 ಎಂಬಿಪಿಎಸ್ ಎಂದಿದ್ದರೆ ಅದು ಹೆಚ್ಚಾಗಿ 3ಜಿಯದೇ. ಜರ್ಮನಿಯ ಸೇವಾದಾತರು 2021ರಲ್ಲಿ, ಅಮೆರಿಕದ ಎಟಿ ಅಂಡ್ ಟಿ 2022ರ ಫೆಬ್ರವರಿಯಲ್ಲಿ 3ಜಿಯನ್ನು ಮುಚ್ಚಿದ್ದಾರೆ, ಉಳಿದವರಲ್ಲಿಯೂ ಹಲವರು ಅದೇ ಹಾದಿಯಲ್ಲಿದ್ದಾರೆ. 3ಜಿ ನಿಂತ ಕಡೆ ಇಂಥ ಮೋಡೆಮ್ 2ಜಿಗೆ ಇಳಿಯುತ್ತದೆ. 2ಜಿಯೂ ಇಲ್ಲದಿದ್ದರೆ ಬರಿಯ ಪ್ಲಾಸ್ಟಿಕ್ ತುಂಡು.

ಮೂರನೆಯದನ್ನು ಬ್ಯಾಂಡ್ ನೋಡಿ, ಬೀಗ ನೋಡಿ ಕೊಂಡೆ, 4ಜಿಯೂ ಬಂತು. ಆದರೆ ಸಿಗ್ನಲ್ ಇನ್ನಷ್ಟು ಚೆನ್ನಾಗಿರಲೆಂದು ಅದನ್ನು 3 ಮೀಟರ್ ಉದ್ದದ ತೆಳ್ಳಗಿನ ಎಕ್ಸ್‌ಟೆನ್ಷನ್ ಕೇಬಲ್‌ಗೆ ಸಿಕ್ಕಿಸಿ ಕಿಟಕಿಯ ಸರಳಿಗೆ ತೂಗುಹಾಕಿದ್ದೆ. ಓದುವಾಗ, ವೀಡಿಯೊ ನೋಡುವಾಗ ಯಾವ ತೊಂದರೆಯೂ ಇರಲಿಲ್ಲ. ದೊಡ್ಡ ಕಡತವೊಂದನ್ನು ಕಳಿಸಲು ತೊಡಗಿದರೆ ಅರ್ಧ ನಿಮಿಷದೊಳಗೆ, ಸಾಧನವನ್ನು ಕಿತ್ತಾಗ ಕಂಪ್ಯೂಟರು ಮಾಡುವ “ಡುಂ ಡುಂ” ಸದ್ದು ಕೇಳಿಸುತ್ತಿತ್ತು, ಮೋಡೆಮ್ ಮಾಯವಾಗುತ್ತಿತ್ತು, ಹತ್ತು ಸೆಕೆಂಡಿನ ಬಳಿಕ ತಾನೇ ಮರಳುತ್ತಿತ್ತು. ಇದೂ ದಂಡವಾಯಿತೆಂದು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೆ. ದೋಷವಿದ್ದದ್ದು ಕೇಬಲ್‌ನಲ್ಲಿ. ಯುಎಸ್‌ಬಿ 2.0 ಪೋರ್ಟ್ ನಿಯಮದಂತೆ ಕೊಡಬೇಕಾದದ್ದು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ಮಾತ್ರ. ಮೋಡೆಮ್ ಜೋರಾಗಿ ಪ್ರಸಾರ ಮಾಡುವಾಗ ಹೆಚ್ಚು ಕರೆಂಟ್ ಎಳೆಯುತ್ತದೆ, ತೆಳ್ಳಗಿನ ಉದ್ದದ ತಂತಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಸಾಧನ ನಿಂತು ಮತ್ತೆ ಶುರುವಾಗುತ್ತದೆ. ಗಿಡ್ಡನೆಯ ದಪ್ಪ ಕೇಬಲ್ ಹಾಕಿದ ದಿನದಿಂದ ಆ ಸದ್ದು ಕೇಳಿಲ್ಲ. ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪಿಯರ್‌ವರೆಗೆ ಕೊಡುತ್ತದೆ ನಿಜ, ಆದರೆ ಅದರ ಸಂಪರ್ಕದಿಂದ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲಿನ ಸಾಧನಗಳಿಗೆ ಅಡ್ಡಿಯಾಗುತ್ತದೆಂದು ಇಂಟೆಲ್ 2012ರಲ್ಲಿಯೇ ಬರೆದಿತ್ತು. ಬ್ಯಾಂಡ್ 40 ಇರುವುದು 2300ರಿಂದ 2400 ಮೆಗಾಹರ್ಟ್ಸ್‌ನಲ್ಲಿ, ಅದಕ್ಕೆ ಒತ್ತಿಕೊಂಡೇ. ಅದನ್ನು ಬಳಸುವವರು ಮೋಡೆಮ್ಮನ್ನು ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಪಕ್ಕದಲ್ಲಿ ಚುಚ್ಚದಿರುವುದು ಒಳ್ಳೆಯದು.

ಕೊಳ್ಳುವಾಗ ಕೇಳಬೇಕಾದ ಇನ್ನೊಂದು ಪ್ರಶ್ನೆ, ಮೋಡೆಮ್ ಕಂಪ್ಯೂಟರಿನೊಡನೆ ಹೇಗೆ ವ್ಯವಹರಿಸುತ್ತದೆಂಬುದು. ಕೆಲವು ತಾವೇ ಸಂಪರ್ಕ ಸಾಧಿಸಿ ನೆಟ್‌ವರ್ಕ್ ಕಾರ್ಡಿನಂತೆ ಕಾಣಿಸಿಕೊಳ್ಳುತ್ತವೆ; ಹುವಾವೇಯ ಇಂಥವುಗಳಲ್ಲಿ 192.168.8.1 ಎಂಬ ವಿಳಾಸದಲ್ಲಿ ಅವುಗಳ ಪುಟ ತೆರೆಯುತ್ತದೆ. ಹಳೆಯ ಬಗೆಯವು ಪ್ರತ್ಯೇಕ ಡಯಲಿಂಗ್ ತಂತ್ರಾಂಶವನ್ನು ಬೇಡುತ್ತವೆ. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾ 32 ಬಿಟ್ ತಂತ್ರಾಂಶಗಳನ್ನು ಕೈಬಿಟ್ಟಾಗ ನನ್ನ ಅಣ್ಣನ ಮೋಡೆಮ್ ರಾತ್ರಿ ಬೆಳಗಾಗುವುದರೊಳಗೆ ನಿರುಪಯೋಗಿಯಾಯಿತು, ಏಕೆಂದರೆ ತಯಾರಕರು ಅದರ ತಂತ್ರಾಂಶವನ್ನು ಪರಿಷ್ಕರಿಸುವುದನ್ನು ಎಂದೋ ನಿಲ್ಲಿಸಿದ್ದರು. ರೌಟರಿಗೆ ಸಿಕ್ಕಿಸುವ ಉದ್ದೇಶವಿದ್ದರೆ, ಆ ರೌಟರ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಮೋಡೆಮ್ ಇದೆಯೇ ಎಂದು ನೋಡಿಯೇ ಕೊಳ್ಳಿ. ಪೋರ್ಟ್ ಇದ್ದ ಮಾತ್ರಕ್ಕೆ ಅದು ಮೋಡೆಮ್ಮನ್ನು ಗುರುತಿಸಬೇಕೆಂದಿಲ್ಲ.

ತಯಾರಕರ ಹೆಸರೇ ಇಲ್ಲದ, ವೈಫೈ ಕೂಡ ಕೊಡುವ ಅಗ್ಗದ ಡಾಂಗಲ್‌ಗಳ ಸಹವಾಸವನ್ನು ನಾನು ಮಾಡಿಲ್ಲ, ಮಾಡುವುದೂ ಇಲ್ಲ. ಕೊಳ್ಳಲೇಬೇಕಾದವರು ಹೊರಗಿನ ಚೀಟಿಯ ಮೇಲಿನ 15 ಅಂಕಿಗಳ ಐಎಂಇಐ ಸಂಖ್ಯೆಯೂ ಸಾಧನದ ಪುಟದಲ್ಲಿ ಕಾಣುವ ಸಂಖ್ಯೆಯೂ ಒಂದೇ ಆಗಿವೆಯೇ ಎಂದು ನೋಡಿ, ಮೊದಲ ದಿನವೇ ಗುಪ್ತಪದವನ್ನು ಬದಲಿಸಿಕೊಳ್ಳಲಿ.

ಮೂರನೆಯ ಮೋಡೆಮ್‌ನಿಂದಲೇ ಈ ಬರಹವನ್ನು ಕಳಿಸುತ್ತಿದ್ದೇನೆ. ಎರಡನೆಯದರಲ್ಲಿ ಮೂರು ಅವಕಾಶಗಳು ಹಾಗೆಯೇ ಉಳಿದಿವೆ. ಮೊದಲನೆಯದರ ಪಕ್ಕದಲ್ಲಿ ಮೆಮೊರಿ ಕಾರ್ಡ್ ಹಾಕುವ ಸೀಳೊಂದಿತ್ತು. ಕ್ಯಾಮೆರಾದ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಅದನ್ನು ಬಳಸುತ್ತಿದ್ದೇನೆ, ಆ ಕೆಲಸಕ್ಕೆ ಬ್ಯಾಂಡ್ ಬೇಕಿಲ್ಲ.