ಶಂಟ್ ಇರುವ ಮಗು ವಾಂತಿ ಮಾಡಿದರೆ ‘ಹೊಟ್ಟೆ ಕೆಟ್ಟಿದೆ’ ಎಂದು ಕಾಯಬೇಡಿ

ಮೊದಲ ದಿನ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಒಂದು ವಾಂತಿ. ಜ್ವರವಿಲ್ಲ, ಭೇದಿಯಿಲ್ಲ. ವಾಂತಿಯಾದ ಮೇಲೆ ನೋವು ಕೊಂಚ ಇಳಿದು ಮಗು ಆಡಿಕೊಂಡಿತು. ಕ್ಲಿನಿಕ್‌ನಲ್ಲಿ ವಾಂತಿ ನಿಲ್ಲುವ ಸಿರಪ್, ಓಆರ್‌ಎಸ್ ಕೊಟ್ಟು ಕಳಿಸಿದರು. ಎರಡನೇ ದಿನ ಹಗಲೆಲ್ಲ ನಿದ್ದೆ. ಸುಸ್ತಾಗಿರಬೇಕು, ಮಲಗಲಿ ಎಂದು ಮನೆಯವರು ಬಿಟ್ಟರು. ಮೂರನೇ ದಿನ ಎಷ್ಟು ಕರೆದರೂ ಕಣ್ಣು ಬಿಡಲಿಲ್ಲ. ನಾಲ್ಕು ವರ್ಷದ ಆ ಮಗುವಿನ ತಲೆಯಲ್ಲಿದ್ದ ಶಂಟ್, ಅಂದರೆ ಮಿದುಳಿನಲ್ಲಿ ಹೆಚ್ಚಾದ ದ್ರವವನ್ನು ಹೊಟ್ಟೆಗೆ ಹರಿಸುವ ಕೊಳವೆ, ಕಟ್ಟಿಕೊಂಡಿತ್ತು. ಜೀವ ಉಳಿಯಿತು, ದೃಷ್ಟಿ ಪೂರ್ತಿ ಮರಳಲಿಲ್ಲ. ಹೈಡ್ರೋಸೆಫಾಲಸ್ (ಮಿದುಳಿನೊಳಗೆ ದ್ರವ ತುಂಬಿಕೊಳ್ಳುವ ತೊಂದರೆ) ಇರುವ ಮಕ್ಕಳನ್ನು ನೋಡಿಕೊಳ್ಳುವವರಿಗೆ ಈ ಮೂರು ದಿನಗಳ ಕಥೆ ಹೊಸದಲ್ಲ. ಅದಕ್ಕೇ ಇಷ್ಟು ಬಿಡಿಸಿ ಬರೆಯಬೇಕಾಗಿದೆ.

ಮಿದುಳಿನೊಳಗಿನ ಪೊಳ್ಳು ಜಾಗಗಳಾದ ಕುಹರಗಳಲ್ಲಿ ದ್ರವ ಉತ್ಪತ್ತಿಯಾಗುವುದು ಒಂದು ಗಳಿಗೆಯೂ ನಿಲ್ಲುವುದಿಲ್ಲ. ದೊಡ್ಡವರಲ್ಲಿ ಗಂಟೆಗೆ ಸುಮಾರು 20 ಮಿಲಿ, ದಿನಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರ್. ಹೋಗುವ ದಾರಿ ಮುಚ್ಚಿದರೂ ಅದು ಬರುತ್ತಲೇ ಇರುತ್ತದೆ. ಶಂಟ್‌ನಲ್ಲಿ ಮೂರು ಭಾಗ: ಕುಹರದೊಳಗಿನ ಕೊಳವೆ, ಚರ್ಮದಡಿಯ ವಾಲ್ವ್, ಹೊಟ್ಟೆಗೆ ಇಳಿಯುವ ಉದ್ದನೆಯ ಕೊಳವೆ. ಹೆಚ್ಚಾಗಿ ಕಟ್ಟಿಕೊಳ್ಳುವುದು ಮೇಲಿನ ತುದಿ. ಅದರ ಸಣ್ಣ ತೂತುಗಳೊಳಗೆ ಮಿದುಳಿನ ಅಂಗಾಂಶವೇ ಬೆಳೆದು ಸೇರಿಕೊಳ್ಳುತ್ತದೆ. ಮಗು ಎತ್ತರ ಬೆಳೆದಂತೆ ಕುತ್ತಿಗೆಯ ಬಳಿ ಕೊಳವೆ ಎಳೆದು ತುಂಡಾಗುವುದೂ ಉಂಟು. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎರಡು ವರ್ಷದೊಳಗೆ ಕೈಕೊಡುತ್ತವೆ. ‘ಆಪರೇಷನ್ ಆಯಿತಲ್ಲ, ಇನ್ನೇನು’ ಎಂಬ ಧೈರ್ಯಕ್ಕೆ ಇಲ್ಲಿ ಜಾಗವಿಲ್ಲ.

ಬೆಳಗಿನ ಹೊತ್ತೇ ಯಾಕೆ? ರಾತ್ರಿಯೆಲ್ಲ ಅಂಗಾತ ಮಲಗಿದಾಗ ತಲೆಯೊಳಗಿನ ಒತ್ತಡ ಏರುತ್ತದೆ. ಭೇದಿಯಿಲ್ಲದ ವಾಂತಿ, ತಲೆನೋವು, ಮಂಪರು ಒಟ್ಟಿಗೆ ಬಂದರೆ ಬೇರೇನೋ ಎಂದು ಸಾಬೀತಾಗುವವರೆಗೆ ಅದು ಶಂಟ್‌ನದೇ ತೊಂದರೆ ಎಂದು ನಡೆದುಕೊಳ್ಳಿ. ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಅಂದೇ ಹೋಗಬೇಕು, ಮರುದಿನವಲ್ಲ. ನಾಡಿ ನಿಧಾನವಾಗುವುದು, ಉಸಿರು ಏರುಪೇರಾಗುವುದು ತೀರಾ ಕೊನೆಯ ಹಂತದ ಲಕ್ಷಣಗಳು.

ಹಸುಗೂಸುಗಳಲ್ಲಿ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ, ಹಾಗಾಗಿ ತಲೆಯೇ ಹಿಗ್ಗುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನ ತಲೆ ಸುತ್ತಳತೆ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುವುದು ಸಹಜ. ಅದನ್ನು ಮೀರಿ ಓಡುತ್ತಿದ್ದರೆ, ನೆತ್ತಿ ಉಬ್ಬಿ ಬಿಗಿಯಾಗಿದ್ದರೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿದು ಮೇಲೆ ಬಿಳಿ ಕಾಣುತ್ತಿದ್ದರೆ ತಡಮಾಡಬೇಡಿ. ಟೇಪನ್ನು ಹುಬ್ಬಿನ ಮೇಲಿಂದ ಹಿಂತಲೆಯ ಉಬ್ಬಿದ ಭಾಗದ ಸುತ್ತ ಹಿಡಿದು ಅಳೆಯಿರಿ, ಪ್ರತಿ ಸಲವೂ ತಾರೀಖಿನೊಂದಿಗೆ ಬರೆದಿಡಿ.

ಆ ಮಗುವಿನ ವಿಷಯದಲ್ಲಿ ಇನ್ನೊಂದು ಎಡವಟ್ಟಾಯಿತು. ಮೂರನೇ ದಿನ ತೆಗೆದ ಸಿಟಿ ಸ್ಕ್ಯಾನ್ ನೋಡಿ ಕುಹರಗಳು ದೊಡ್ಡದಾಗಿಲ್ಲ ಎಂದರು. ಹಳೆಯ ಸ್ಕ್ಯಾನ್ ಕೈಗೆ ಸಿಕ್ಕಿದ ಮೇಲೆ ಹೋಲಿಸಿದರೆ, ಮಗು ಚೆನ್ನಾಗಿದ್ದಾಗ ಸೀಳಿನಷ್ಟು ಕಿರಿದಾಗಿದ್ದ ಕುಹರಗಳು ಈಗ ಸ್ಪಷ್ಟವಾಗಿ ಹಿಗ್ಗಿದ್ದವು. ಹಲವು ಗಂಟೆ ಹೋಯಿತು. ಕೆಲವು ಮಕ್ಕಳಲ್ಲಿ ಶಂಟ್ ನಿಂತಿದ್ದರೂ ಕುಹರ ಹಿಗ್ಗುವುದೇ ಇಲ್ಲ, ಆದ್ದರಿಂದ ಸ್ಕ್ಯಾನ್ ಸರಿಯಿದೆ ಎಂಬ ಒಂದೇ ಮಾತಿಗೆ ಮನೆಗೆ ಮರಳಬೇಡಿ. ಮಗು ಆರಾಮಾಗಿರುವಾಗಿನ ಸ್ಕ್ಯಾನ್ ಫೋನಿನಲ್ಲಿರಲಿ, ವಾಲ್ವ್‌ನ ಹೆಸರು ಮತ್ತು ಸೆಟ್ಟಿಂಗ್ ಕೂಡ. ವಾಲ್ವನ್ನು ಬೆರಳಿನಿಂದ ಒತ್ತಿ ‘ಕೆಲಸ ಮಾಡುತ್ತಿದೆ’ ಎಂದು ತೀರ್ಮಾನಿಸುವುದನ್ನು ನಂಬಲಾಗದು.

ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಜ್ವರ ಬಂದರೆ, ಕೊಳವೆಯ ದಾರಿಯುದ್ದಕ್ಕೂ ಚರ್ಮ ಕೆಂಪಾದರೆ ಸೋಂಕಿನ ಅನುಮಾನ. ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಕೊಡಬೇಡಿ, ಆಮೇಲೆ ದ್ರವದ ಕಲ್ಚರ್‌ನಲ್ಲಿ ಸೂಕ್ಷ್ಮಾಣು ಸಿಗದೇ ಹೋಗಬಹುದು. ಹೊರಗಿನಿಂದಲೇ ಸೆಟ್ಟಿಂಗ್ ಬದಲಿಸಬಹುದಾದ ಪ್ರೋಗ್ರಾಮಬಲ್ ವಾಲ್ವ್ ಇದ್ದರೆ ಎಂಆರ್‌ಐ ಆದ ಮೇಲೆ ಸೆಟ್ಟಿಂಗ್ ಪರೀಕ್ಷಿಸಲು ಹೇಳಿ, ಕೆಲವು ಮಾದರಿಗಳಲ್ಲಿ ಆಯಸ್ಕಾಂತ ಅದನ್ನು ಬದಲಿಸಿಬಿಡುತ್ತದೆ.

ಶಂಟ್ ಇಲ್ಲದೆ ಎಂಡೋಸ್ಕೋಪ್‌ನಿಂದ ಮೂರನೇ ಕುಹರದ ತಳದಲ್ಲಿ ದಾರಿ ಮಾಡಿಸಿಕೊಂಡ ಮಕ್ಕಳ ಮನೆಯವರಿಗೂ ಇದೇ ಮಾತು. ಆ ರಂಧ್ರ ವರ್ಷಗಳ ನಂತರವೂ ಥಟ್ಟನೆ ಮುಚ್ಚಿಕೊಂಡದ್ದಿದೆ.